ಮರೆತ ನಿಯಮವೂ ಬದಿಯವರ ಮಾತೂ

ಆಟವೆಂಬುದು ನಿಯಮಗಳಿಂದ ಕಟ್ಟಿದ ಒಂದು ಪುಟ್ಟ ಲೋಕ. ಆದರೆ ನಿಸರ್ಗದ ನಿಯಮಗಳಿಗೂ ಆಟದ ನಿಯಮಗಳಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ನಾವು ಮರೆತರೂ ಗುರುತ್ವಾಕರ್ಷಣೆ ತನ್ನ ಕೆಲಸವನ್ನು ಮರೆಯುವುದಿಲ್ಲ. ಕೈಬಿಟ್ಟ ಕಲ್ಲು ನೆಲಕ್ಕೆ ಬಿದ್ದೇ ಬೀಳುತ್ತದೆ. ಆಟದ ನಿಯಮವಾದರೋ ಆಡುವವರ ನೆನಪಿನಲ್ಲಿ ಮಾತ್ರ ಜೀವಿಸಿರುತ್ತದೆ. ಇಬ್ಬರೂ ಮರೆತರೆ, ಆ ನಿಯಮವೇ ಇಲ್ಲವೆಂಬಂತೆ ಆಟ ಮುಂದೆ ಸಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬನಿಗೆ ಅದು ನೆನಪಾದರೆ ಮಾಡತಕ್ಕದ್ದೇನು? ಬದಿಯಲ್ಲಿ ನಿಂತು ನೋಡುತ್ತಿದ್ದ ಮೂರನೆಯವನು ಅದನ್ನು ನೆನಪಿಸಿದರೆ ಅವನ ಮಾತನ್ನು ಸ್ವೀಕರಿಸಬಹುದೇ?

ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ನಾಲ್ಕು ಗಂಟೆಗಳ ಆಟವೂ ಹಲವು ವರ್ಷಗಳ ಸ್ನೇಹವೂ ಇಂಥ ಒಂದು ಕ್ಷಣದಲ್ಲಿ ಕೆಟ್ಟುಹೋಗುವುದುಂಟು. ಅಷ್ಟೇ ಅಲ್ಲ, ನಡೆದುಹೋದ ತಪ್ಪನ್ನು ಯಾವಾಗ ತಿದ್ದಬೇಕು, ಯಾರ ಮಾತಿನ ಮೇಲೆ ತಿದ್ದಬೇಕು ಎಂಬುದು ಪ್ರಯೋಗಶಾಲೆಯಲ್ಲಿಯೂ ಪ್ರತಿದಿನ ಏಳುವ ಪ್ರಶ್ನೆ. ಆದುದರಿಂದ ಮೇಜಿನ ಮೇಲೆ ಆಡುವ ಸಮರಕ್ರೀಡೆಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಸಾವಧಾನವಾಗಿ ಪರಿಶೀಲಿಸೋಣ.

ಸಮರಕ್ರೀಡೆ ಎಂದರೇನು?

ಭಾರತದಲ್ಲಿ ಹುಟ್ಟಿದ ಚತುರಂಗವು ಪರ್ಷಿಯಾ, ಅರಬ್ ದೇಶಗಳ ಮಾರ್ಗವಾಗಿ ಯೂರೋಪನ್ನು ಸೇರಿ ಚೆಸ್ ಆಯಿತು. ಅದರ ಚೌಕದ ಮನೆಗಳಿಗೆ ಬೆಟ್ಟ, ನದಿ, ಊರುಗಳ ಗುಣಗಳನ್ನು ಕೊಟ್ಟು ಯುದ್ಧಭೂಮಿಯನ್ನೇ ಹಲಗೆಯ ಮೇಲೆ ತರಲು 1780ರಲ್ಲಿ ಜರ್ಮನಿಯ ಗಣಿತಜ್ಞ ಹೆಲ್‌ವಿಗ್ಗರು ಯತ್ನಿಸಿದರು. 1824ರಲ್ಲಿ ಪ್ರಶ್ಯಾದ ಸೇನಾಧಿಕಾರಿ ರೈಸ್ವಿಟ್ಸರು ಚೌಕಗಳನ್ನೇ ಬಿಟ್ಟುಕೊಟ್ಟು, 1:8000 ಪ್ರಮಾಣದ ನಿಜವಾದ ಭೂಪಟದ ಮೇಲೆ ಕೆಂಪು ನೀಲಿ ಕಾಯಿಗಳನ್ನು ನಡೆಸುವ ಆಟದ ನಿಯಮಗಳನ್ನು ಪ್ರಕಟಿಸಿದರು. ಗುಂಡೇಟಿನ ಪರಿಣಾಮವನ್ನು ದಾಳ ಹಾಕಿ ಕೋಷ್ಟಕ ನೋಡಿ ನಿರ್ಣಯಿಸಲಾಗುತ್ತಿತ್ತು. ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನಿರುತ್ತಿದ್ದನು. ಆಟಗಾರರು ಆಜ್ಞೆಗಳನ್ನು ಅವನಿಗೆ ತಿಳಿಸುವರು. ಶತ್ರುವಿನ ಯಾವ ಭಾಗ ಯಾರಿಗೆ ಕಾಣಬೇಕೋ ಅಷ್ಟನ್ನೇ ಅವನು ಪಟದ ಮೇಲೆ ತೋರಿಸುವನು.

ಈ ನಿಯಮಗಳು ಬರಬರುತ್ತ ಹೊರಲಾರದಷ್ಟು ಭಾರವಾದವು. ತೀರ್ಪುಗಾರನು ಪ್ರತಿ ಹೆಜ್ಜೆಗೂ ಪುಸ್ತಕ ತಿರುವಿಹಾಕಬೇಕಾದರೆ ಯುದ್ಧದ ವೇಗವೆಲ್ಲಿ ಉಳಿಯುವುದು? 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಪ್ರಶ್ಯನ್ ಅಧಿಕಾರಿಗಳು, ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿಯಾದ ತೀರ್ಪುಗಾರನ ವಿವೇಕಕ್ಕೆ ಎಲ್ಲವನ್ನೂ ಬಿಡಬೇಕೆಂದು ವಾದಿಸಿದರು. ನಿಯಮ ಹೆಚ್ಚಿದಷ್ಟೂ ಮರೆವು ಹೆಚ್ಚು, ನಿಯಮ ಕಡಮೆಯಾದಷ್ಟೂ ತೀರ್ಪುಗಾರನ ಮರ್ಜಿ ಹೆಚ್ಚು ಎಂಬ ಇಕ್ಕಟ್ಟು ಅಂದಿನಿಂದಲೂ ಇದೆ.

ಮನೆಯಲ್ಲಿ ಆಡುವ ಆಟಕ್ಕೆ ತೀರ್ಪುಗಾರನು ದೊರೆಯುವುದು ಅಪರೂಪ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸರು 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಮಾರಾಟಕ್ಕೆ ತಂದ ಮೇಲೆ, ಅಚ್ಚಾದ ಪಟ, ರಟ್ಟಿನ ಬಿಲ್ಲೆ, ದಾಳ, ನಿಯಮಪುಸ್ತಕ ಇಷ್ಟೇ ಸಾಮಗ್ರಿಯಿಂದ ಇಬ್ಬರು ತಾವೇ ಆಡುವ ಸಮರಕ್ರೀಡೆಗಳು ಹರಡಿದವು. ಕೆಲವು ವರ್ಷಗಳಲ್ಲಿ ಪಟದ ಮೇಲೆ ಜೇನುಗೂಡಿನಂಥ ಷಟ್ಕೋನದ ಮನೆಗಳು ಬಂದವು. 1985ರಲ್ಲಿ ಪ್ರಕಟವಾದ ‘ಅಡ್ವಾನ್ಸ್‌ಡ್ ಸ್ಕ್ವಾಡ್ ಲೀಡರ್’ ಎಂಬ ಆಟದ ನಿಯಮಗಳು ಒಂದು ದಪ್ಪ ಕಡತವನ್ನೇ ತುಂಬುತ್ತವೆ. ಇಲ್ಲಿ ಆಟಗಾರರೇ ಸೈನಿಕರು, ಆಟಗಾರರೇ ನ್ಯಾಯಾಧೀಶರು. ಮರೆವಿನ ಸಮಸ್ಯೆ ತೀಕ್ಷ್ಣವಾಗುವುದು ಇಂಥಲ್ಲಿಯೇ.

ಮರೆವಿನ ಮೂರು ಬಗೆ

ಚೆಸ್ಸಿನಲ್ಲಿ ಕುದುರೆಯನ್ನು ತಪ್ಪಾಗಿ ನಡೆಸಿದರೆ ಆ ತಪ್ಪು ಹಲಗೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಸಮರಕ್ರೀಡೆಯ ತಪ್ಪು ಬಹುಮಟ್ಟಿಗೆ ಮಾಡಿದ್ದಲ್ಲ, ಮಾಡದೆ ಬಿಟ್ಟದ್ದು. ಬಿಟ್ಟದ್ದು ಯಾವ ಗುರುತನ್ನೂ ಉಳಿಸುವುದಿಲ್ಲ. ಮಳೆ ಬಂದಾಗ ಮಾತ್ರ, ರಾತ್ರಿಯಲ್ಲಿ ಮಾತ್ರ, ಆಹಾರ ಸಾಮಗ್ರಿ ತಲುಪದಿದ್ದಾಗ ಮಾತ್ರ ಅನ್ವಯಿಸುವ ನಿಯಮಗಳು ಎಲ್ಲಕ್ಕಿಂತ ಮೊದಲು ಮರೆತುಹೋಗುತ್ತವೆ.

ಇಂಥ ಮರೆವುಗಳನ್ನು ಮೂರಾಗಿ ವಿಂಗಡಿಸುವುದು ಒಳ್ಳೆಯದು. ಮೊದಲನೆಯದು, ಹಕ್ಕನ್ನು ಮರೆಯುವುದು. ತನ್ನ ಫಿರಂಗಿಯಿಂದ ಈ ಸರದಿಯಲ್ಲಿ ಗುಂಡು ಹಾರಿಸಬಹುದಾಗಿತ್ತು, ಹಾರಿಸಲಿಲ್ಲ. ಇದು ನಿಯಮಭಂಗವಲ್ಲ, ಅನವಧಾನ. ನಿಜವಾದ ರಣರಂಗದಲ್ಲಿಯೂ ಸೇನಾಪತಿಗಳು ಕೈಯಲ್ಲಿದ್ದ ಪಡೆಯನ್ನು ಮರೆತದ್ದುಂಟು. ಇದರ ನಷ್ಟವನ್ನು ಮರೆತವನೇ ಹೊರಬೇಕು.

ಎರಡನೆಯದು, ಕಡ್ಡಾಯವಾದ ನಿಯಮವನ್ನು ಮರೆಯುವುದು. ಕಾಡಿನ ಮರೆಯಲ್ಲಿರುವ ಪಡೆಯ ಮೇಲೆ ಗುಂಡು ಹಾರಿಸುವಾಗ ದಾಳದ ಮೊತ್ತಕ್ಕೆ 1 ಕೂಡಿಸಬೇಕು, ಇಬ್ಬರೂ ಕೂಡಿಸಲಿಲ್ಲ. ನಿಯಮವು ಇಬ್ಬರಿಗೂ ಸೇರಿದ್ದರಿಂದ ಅದನ್ನು ಕಾಯುವ ಹೊಣೆಯೂ ಇಬ್ಬರದು. ಲಾಭ ಪಡೆದವನನ್ನು ಮಾತ್ರ ಮೋಸಗಾರನೆನ್ನುವುದು ಅನ್ಯಾಯ.

ಮೂರನೆಯದು, ನಿಯಮವನ್ನು ಮೊದಲಿನಿಂದಲೇ ತಪ್ಪಾಗಿ ತಿಳಿದಿರುವುದು. ಅಳತೆಪಟ್ಟಿಯ ಶೂನ್ಯವೇ ಸರಿದಿದ್ದರೆ ಎಲ್ಲ ಅಳತೆಗಳೂ ಒಂದೇ ದಿಕ್ಕಿಗೆ ತಪ್ಪುವಂತೆ, ಇಲ್ಲಿ ಆಟದುದ್ದಕ್ಕೂ ಒಂದೇ ತಪ್ಪು ಹರಡಿರುತ್ತದೆ. ಅದು ಎರಡು ಪಕ್ಷಗಳಿಗೂ ಸಮನಾಗಿ ತಗುಲಿದ್ದರೆ ಆಟ ಕೆಟ್ಟಿಲ್ಲ. ಮುಂದಿನ ಪೂರ್ಣ ಸುತ್ತಿನಿಂದ ಇಬ್ಬರೂ ಸರಿಯಾದ ನಿಯಮವನ್ನು ಪಾಲಿಸಿದರಾಯಿತು. ಸುತ್ತಿನ ನಡುವೆಯೇ ಬದಲಿಸಿದರೆ ಒಬ್ಬನಿಗೆ ಹಳೆಯ ನಿಯಮದ ಲಾಭ, ಇನ್ನೊಬ್ಬನಿಗೆ ಹೊಸದರ ನಷ್ಟ ಬರುವ ಸಂಭವವುಂಟು.

ದಾಳದ ಲೆಕ್ಕ

ಎರಡನೆಯ ಬಗೆಯೇ ಹೆಚ್ಚು ಕಲಹಕ್ಕೆ ಕಾರಣ. ಅದನ್ನು ಅಂಕಿಗಳಿಂದ ನೋಡೋಣ. ಕೆಂಪು ಪಕ್ಷವು ಕಾಡಿನಲ್ಲಿರುವ ನೀಲಿ ಪಡೆಯ ಮೇಲೆ ಗುಂಡು ಹಾರಿಸುತ್ತದೆ ಎನ್ನೋಣ. ಎರಡು ದಾಳಗಳ ಮೊತ್ತವು 6 ಅಥವಾ ಅದಕ್ಕಿಂತ ಕಡಮೆ ಬಂದರೆ ಗುಂಡು ತಗುಲಿದಂತೆ. ಎರಡು ದಾಳಗಳು ಬೀಳುವ ರೀತಿಗಳು 36. ಮೊತ್ತ 2 ಬರುವುದು 1 ರೀತಿಯಲ್ಲಿ; 3 ಬರುವುದು 2 ರೀತಿಯಲ್ಲಿ; 4, 5, 6 ಬರುವುದು ಕ್ರಮವಾಗಿ 3, 4, 5 ರೀತಿಗಳಲ್ಲಿ. ಒಟ್ಟು 15. ಎಂದರೆ ಯಶಸ್ಸಿನ ಸಂಭಾವ್ಯತೆ 15/36, ಸುಮಾರು 42%. ಕಾಡಿಗಾಗಿ 1 ಕೂಡಿಸಿದರೆ, ದಾಳದಲ್ಲಿ 5 ಅಥವಾ ಕಡಮೆ ಬಿದ್ದಾಗ ಮಾತ್ರ ಯಶಸ್ಸು. ಆಗ ಅದು 10/36, ಸುಮಾರು 28%.

ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ದಾಳವು ಈಗಾಗಲೇ ಬಿದ್ದಿದೆ. ಮೊತ್ತ 4 ಆಗಿದ್ದರೆ, 1 ಕೂಡಿಸಿದರೂ ಬಿಟ್ಟರೂ ಗುಂಡು ತಗುಲುತ್ತದೆ. ಮೊತ್ತ 9 ಆಗಿದ್ದರೆ ಎರಡು ಲೆಕ್ಕದಲ್ಲಿಯೂ ತಗುಲುವುದಿಲ್ಲ. ಮೊತ್ತ ಸರಿಯಾಗಿ 6 ಬಿದ್ದಾಗ ಮಾತ್ರ ಮರೆವು ಫಲಿತಾಂಶವನ್ನು ಬದಲಿಸುತ್ತದೆ. ಅದು 36ರಲ್ಲಿ 5 ಸಲ ಮಾತ್ರ. ಉಳಿದ 31 ಸಲ, ಅಂದರೆ ನೂರಕ್ಕೆ 86 ಸಲ, ವಾದಿಸಲು ವಿಷಯವೇ ಇರುವುದಿಲ್ಲ! ಆದುದರಿಂದ ಮರೆವು ಬೆಳಕಿಗೆ ಬಂದೊಡನೆ ಕೇಳಬೇಕಾದ ಪ್ರಶ್ನೆ ‘ತಪ್ಪು ಯಾರದು?’ ಎಂಬುದಲ್ಲ, ‘ನಿಯಮ ನೆನಪಿದ್ದಿದ್ದರೆ ಫಲ ಬೇರೆಯಾಗುತ್ತಿತ್ತೇ?’ ಎಂಬುದು.

‘ನಿಯಮ ಮರೆತಿದ್ದೆವು, ಮತ್ತೊಮ್ಮೆ ಎಸೆಯೋಣ’ ಎಂದು ಕೆಲವರು ಸೂಚಿಸುತ್ತಾರೆ. ಇದು ನ್ಯಾಯವೆಂದು ತೋರಿದರೂ ನ್ಯಾಯವಲ್ಲ. ಸೋತಾಗ ಮಾತ್ರ ಒಬ್ಬನಿಗೆ ಏನಾದರೊಂದು ನೆವ ನೆನಪಾಗಿ ಅವನು ಮರಳಿ ಎಸೆಯುತ್ತಾನೆಂದು ಭಾವಿಸಿ. ಒಂದು ಎಸೆತದಲ್ಲಿ ಸೋಲುವ ಸಂಭಾವ್ಯತೆ 21/36. ಎರಡರಲ್ಲಿಯೂ ಸೋಲುವುದು (21/36) × (21/36) = 441/1296. ಆದುದರಿಂದ ಗೆಲ್ಲುವುದು 855/1296, ಎಂದರೆ ಸುಮಾರು 66%. 42% ಇದ್ದದ್ದು 66% ಆಯಿತು! ಬಿದ್ದ ದಾಳಕ್ಕೆ ಮರೆತ ಅಂಕಿಯನ್ನು ಕೂಡಿಸುವುದು ತಿದ್ದುಪಡಿ. ದಾಳವನ್ನೇ ಮತ್ತೆ ಎಸೆಯುವುದು ಹೊಸ ಪ್ರಯೋಗ. ಇವೆರಡನ್ನೂ ಒಂದೆಂದು ತಿಳಿಯಬಾರದು.

ಎಷ್ಟು ಹಿಂದಕ್ಕೆ ಹೋಗಬಹುದು?

ಬಿದ್ದ ದಾಳ ಇನ್ನೂ ಮೇಜಿನ ಮೇಲಿರುವಾಗಲೇ ನಿಯಮ ನೆನಪಾದರೆ ತಿದ್ದುವುದು ಸುಲಭ. ಆದರೆ ಮೂರು ಸುತ್ತು ಕಳೆದ ಮೇಲೆ ನೆನಪಾದರೆ? ಬೇರೆ ಬೇರೆ ಆಟಗಳು ಇದಕ್ಕೆ ಬೇರೆ ಬೇರೆ ಉತ್ತರವನ್ನು ಕೊಟ್ಟಿರುವುದು ಕುತೂಹಲಕರವಾಗಿದೆ.

ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯ ನಿಯಮದಂತೆ, ಆಟದ ನಡುವೆ ನಿಯಮಬಾಹಿರ ನಡೆಯೊಂದು ಪತ್ತೆಯಾದರೆ ಆ ನಡೆಗೆ ಹಿಂದಿನ ಸ್ಥಿತಿಯನ್ನೇ ಮರಳಿ ಸ್ಥಾಪಿಸಬೇಕು. ಇಸ್ಪೀಟಿನ ಬ್ರಿಜ್ ಆಟದಲ್ಲಿ, ಕೇಳಿದ ಜಾತಿಯ ಎಲೆ ಕೈಯಲ್ಲಿದ್ದೂ ಬೇರೆ ಜಾತಿಯದನ್ನು ಆಡಿದವನು ಒಡನೆ ತಿದ್ದಿಕೊಳ್ಳಬಹುದು. ಅವನ ಪಕ್ಷವು ಮುಂದಿನ ಸುತ್ತಿಗೆ ಎಲೆ ಹಾಕಿದ ಮೇಲೆ ಸಾಮಾನ್ಯವಾಗಿ ತಪ್ಪು ಹಾಗೆಯೇ ನಿಲ್ಲುತ್ತದೆ, ಎದುರು ಪಕ್ಷಕ್ಕೆ ಪರಿಹಾರ ಮಾತ್ರ ದೊರೆಯುತ್ತದೆ. ಮೇಲೆ ಹೇಳಿದ ‘ಅಡ್ವಾನ್ಸ್‌ಡ್ ಸ್ಕ್ವಾಡ್ ಲೀಡರ್’ ಇನ್ನೂ ಕಟ್ಟುನಿಟ್ಟು: ಆಟವು ತಪ್ಪು ನಡೆದ ಸ್ಥಳವನ್ನು ದಾಟಿ ಮುಂದೆ ಹೋಯಿತೆಂದರೆ ಆ ಫಲಿತಾಂಶವೇ ಸ್ಥಿರ, ಹಿಂದಕ್ಕೆ ಹೋಗುವಂತಿಲ್ಲ.

ಈ ಭೇದಕ್ಕೆ ಕಾರಣವೇನು? ಭೌತಶಾಸ್ತ್ರದ ವಿದ್ಯಾರ್ಥಿಗಳು ಹಿಂತಿರುಗಿಸಬಹುದಾದ ಕ್ರಿಯೆ, ಹಿಂತಿರುಗಿಸಲಾಗದ ಕ್ರಿಯೆ ಎಂಬ ಭೇದವನ್ನು ಬಲ್ಲರು. ಘರ್ಷಣೆಯಿಲ್ಲದ ಲೋಲಕವು ಹೋದ ದಾರಿಯಲ್ಲಿಯೇ ಹಿಂದಿರುಗಬಲ್ಲದು. ನೀರಿನಲ್ಲಿ ಬೆರೆತ ಶಾಯಿಯ ಹನಿ ಮತ್ತೆ ಹನಿಯಾಗದು. ಚೆಸ್ಸಿನಲ್ಲಿ ದಾಳವಿಲ್ಲ, ಗುಟ್ಟಿಲ್ಲ, ಸ್ಪರ್ಧೆಗಳಲ್ಲಿ ಪ್ರತಿ ನಡೆಯೂ ಕಾಗದದ ಮೇಲೆ ದಾಖಲಾಗಿರುತ್ತದೆ. ಆದುದರಿಂದ ಹಿಂದಿರುಗುವ ದಾರಿ ತೆರೆದಿದೆ. ಸಮರಕ್ರೀಡೆಯಲ್ಲಾದರೋ ಒಂದು ಫಲಿತಾಂಶದ ಮೇಲೆ ಮುಂದಿನ ದಾಳಗಳೂ ನಿರ್ಧಾರಗಳೂ ಕಟ್ಟಿಕೊಂಡಿರುತ್ತವೆ. ನೀಲಿ ಪಡೆ ಚದುರಿತೆಂದು ನಂಬಿ ಕೆಂಪು ಸೇನಾನಿ ತನ್ನ ಮೀಸಲು ಪಡೆಯನ್ನು ಬೇರೆಡೆಗೆ ಕಳುಹಿಸಿರುತ್ತಾನೆ. ಅದನ್ನು ಕಂಡು ನೀಲಿಯವನು ಅಡಗಿಸಿಟ್ಟಿದ್ದ ಫಿರಂಗಿಯನ್ನು ಹೊರಗೆ ತೆಗೆದಿರುತ್ತಾನೆ. ಬಿಲ್ಲೆಗಳನ್ನು ಹಿಂದಿನ ಮನೆಗಳಲ್ಲಿ ಇಡಬಹುದು. ಫಿರಂಗಿ ಎಲ್ಲಿತ್ತೆಂಬ ತಿಳಿವಳಿಕೆಯನ್ನು ಕೆಂಪಿನವನ ತಲೆಯಿಂದ ತೆಗೆಯಲು ಬರುವುದಿಲ್ಲ. ಪಟವು ಹಿಂದಕ್ಕೆ ಹೋದರೂ ಮನಸ್ಸು ಹಿಂದಕ್ಕೆ ಹೋಗದು.

ಆದುದರಿಂದ ಅಳತೆಗೋಲು ಇಷ್ಟು: ತಪ್ಪಿನ ಮೇಲೆ ಮತ್ತೊಂದು ದಾಳವೋ, ಮತ್ತೊಂದು ನಿರ್ಧಾರವೋ, ಗುಟ್ಟಿನ ಪ್ರಕಟಣೆಯೋ ಕಟ್ಟಿಕೊಳ್ಳದಿದ್ದರೆ ತಿದ್ದಬಹುದು. ಕಟ್ಟಿಕೊಂಡಿದ್ದರೆ ತಪ್ಪನ್ನು ಒಪ್ಪಿ ಮುಂದೆ ಸಾಗುವುದೇ ಕಡಮೆ ಅನ್ಯಾಯ.

ಬದಿಯವರ ಮಾತು

ಇನ್ನು ನೋಡುಗನ ವಿಷಯ. ಅವನಿಗೆ ಎರಡು ಅನುಕೂಲಗಳುಂಟು. ಸೋಲು ಗೆಲುವಿನ ಆತಂಕವಿಲ್ಲದ್ದರಿಂದ ಅವನ ಗಮನ ಚದುರುವುದಿಲ್ಲ. ಎರಡು ಪಕ್ಷಗಳ ಕಡೆಯೂ ಓಡಾಡುವುದರಿಂದ ಆಟಗಾರರಿಗೆ ಕಾಣದ್ದೂ ಅವನಿಗೆ ಕಾಣುತ್ತದೆ. ಎರಡನೆಯದು ಎಷ್ಟು ಅಪಾಯಕರವೆಂಬುದನ್ನು ಸೇನೆಗಳು ಬಲ್ಲವು. 1942ರಲ್ಲಿ ಬ್ರಿಟಿಷ್ ನೌಕಾಪಡೆಯು ಲಿವರ್‌ಪೂಲಿನಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸರ ನೇತೃತ್ವದಲ್ಲಿ ಜಲಾಂತರ್ಗಾಮಿಗಳ ವಿರುದ್ಧ ಹೋರಾಟವನ್ನು ಕಲಿಸುವ ಘಟಕವನ್ನು ತೆರೆಯಿತು. ಅಲ್ಲಿ ನೆಲವೇ ಸಮುದ್ರದ ಪಟ. ಆಟಗಾರರು ಕ್ಯಾನ್ವಾಸ್ ತೆರೆಗಳ ಹಿಂದೆ ನಿಂತು ಸಣ್ಣ ಕಿಂಡಿಗಳಿಂದ ನೋಡುತ್ತಿದ್ದರು. ನಿಜವಾದ ಹಡಗಿನ ಮೇಲಿದ್ದವನಿಗೆ ಎಷ್ಟು ಕಾಣುವುದೋ ಅಷ್ಟೇ ಅವರಿಗೂ ಕಾಣಬೇಕೆಂಬುದು ಅದರ ಉದ್ದೇಶ. ಬದಿಯಿಂದ ಒಂದು ಮಾತು ಬಂದರೆ ಆ ತೆರೆ ಹರಿದಂತೆಯೇ.

ಆದರೆ ನೋಡುಗನ ಮಾತೆಲ್ಲ ಒಂದೇ ಜಾತಿಯದಲ್ಲ. ‘ಆ ಸೇತುವೆಯನ್ನು ಹಿಡಿ’ ಎಂಬುದು ಸಲಹೆ. ‘ಕಾಡಿಗಾಗಿ 1 ಕೂಡಿಸಬೇಕು’ ಎಂಬುದು ನಿಯಮದ ಸ್ಮರಣೆ. ಸಲಹೆಯು ಆಟದ ಸಾರವನ್ನೇ ಕೆಡಿಸುತ್ತದೆಂಬುದು ಸ್ಪಷ್ಟ. ಗೆದ್ದವನು ಯಾರೆಂಬುದೇ ಆಮೇಲೆ ತಿಳಿಯದು. ನಿಯಮದ ಸ್ಮರಣೆಯಾದರೋ ಸತ್ಯವಾದ ಮಾತು, ಇಬ್ಬರಿಗೂ ಸೇರಿದ ಮಾತು. ಅದರಲ್ಲಿ ದೋಷವೇನು?

ದೋಷವಿರುವುದು ಆಡಿದ ಮಾತಿನಲ್ಲಲ್ಲ, ಆಡದೆ ಉಳಿಸಿದ ಮಾತಿನಲ್ಲಿ. ಒಂದು ಆಟದಲ್ಲಿ ಮೇಲಿನಂಥ ಮರೆವುಗಳು ಕೆಂಪಿಗೆ ಲಾಭವಾಗುವಂತೆ 10, ನೀಲಿಗೆ ಲಾಭವಾಗುವಂತೆ 10 ನಡೆದವೆನ್ನೋಣ. ಯಾವುದನ್ನೂ ಯಾರೂ ಗಮನಿಸದಿದ್ದರೆ ಅವು ಸರಾಸರಿಯಲ್ಲಿ ಒಂದನ್ನೊಂದು ಸರಿದೂಗಿಸುತ್ತವೆ. ಎಲ್ಲವನ್ನೂ ತಿದ್ದಿದರೆ ತಪ್ಪೇ ಉಳಿಯದು. ಆದರೆ ನೀಲಿಯ ಗೆಳೆಯನೊಬ್ಬನು ನಿಂತು, ಕೆಂಪಿಗೆ ಲಾಭವಾಗುವ ಮರೆವುಗಳನ್ನು ಮಾತ್ರ ಎತ್ತಿ ತೋರಿಸಿ ಉಳಿದ ಹತ್ತಕ್ಕೆ ಮೌನ ವಹಿಸಿದರೆ, 10 × 5/36, ಎಂದರೆ ಸರಾಸರಿ 1.4 ಫಲಿತಾಂಶಗಳು ನೀಲಿಯ ಕಡೆಗೆ ವಾಲುತ್ತವೆ. ಅವನು ಆಡಿದ ಪ್ರತಿಯೊಂದು ಮಾತೂ ಸತ್ಯ. ಒಟ್ಟು ಫಲ ಮಾತ್ರ ಅಸತ್ಯ. ಅವನಿಗೆ ದುರುದ್ದೇಶವಿರಬೇಕೆಂದೂ ಇಲ್ಲ. ಗೆಳೆಯನಿಗಾಗುವ ಅನ್ಯಾಯ ಕಣ್ಣಿಗೆ ಬೇಗ ಬೀಳುತ್ತದೆ, ಅಷ್ಟೆ.

ವಿಜ್ಞಾನದಲ್ಲಿಯೂ ಇದಕ್ಕೆ ನಿದರ್ಶನವುಂಟು. ಮಿಲಿಕನ್ನರು ಎಣ್ಣೆಯ ಹನಿಗಳ ಪ್ರಯೋಗದಿಂದ 1913ರಲ್ಲಿ ಕೊಟ್ಟ ಎಲೆಕ್ಟ್ರಾನಿನ ವಿದ್ಯುದಂಶದ ಬೆಲೆ ಸುಮಾರು 1.592 × 10⁻¹⁹ ಕೂಲಂಬ್. ಇಂದು ನಾವು ಸ್ವೀಕರಿಸಿರುವುದು 1.602 × 10⁻¹⁹. ಗಾಳಿಯ ಸ್ನಿಗ್ಧತೆಗೆ ಅವರು ಬಳಸಿದ ಅಂಕಿ ಸ್ವಲ್ಪ ತಪ್ಪಾಗಿದ್ದುದೇ ವ್ಯತ್ಯಾಸದ ಮುಖ್ಯ ಕಾರಣ. 1974ರ ಭಾಷಣವೊಂದರಲ್ಲಿ ರಿಚರ್ಡ್ ಫೈನ್‌ಮನ್ನರು ಈ ಕಥೆಯನ್ನು ಎತ್ತಿಕೊಂಡು, ಅನಂತರದ ಅಳತೆಗಳು ಒಮ್ಮೆಲೇ ಸರಿಯಾದ ಬೆಲೆಗೆ ಹೋಗದೆ ಮೆಲ್ಲಮೆಲ್ಲನೆ ಏರಿದವೆಂದು ತೋರಿಸಿದರು. ಅವರ ವಿವರಣೆ ಹೀಗೆ: ತಮ್ಮ ಉತ್ತರ ಮಿಲಿಕನ್ನರದಕ್ಕಿಂತ ಬಹಳ ಹೆಚ್ಚಾಗಿ ಬಂದಾಗ ಪ್ರಯೋಗಕಾರರು ತಪ್ಪಿಗಾಗಿ ಹುಡುಕಿದರು, ಹತ್ತಿರ ಬಂದಾಗ ಅಷ್ಟು ಹುಡುಕಲಿಲ್ಲ. ತಪ್ಪನ್ನು ತಿದ್ದುವುದು ಒಳ್ಳೆಯದೇ. ಒಂದೇ ಬದಿಯ ತಪ್ಪನ್ನು ತಿದ್ದುವುದು ಹೊಸ ತಪ್ಪು.

ಈ ಕಾರಣದಿಂದಲೇ ಚೆಸ್ ಸ್ಪರ್ಧೆಯಲ್ಲಿ ಅಕ್ರಮವನ್ನು ಕಂಡವನು ಆಟಗಾರರಿಗೆ ಹೇಳಕೂಡದು, ತೀರ್ಪುಗಾರನಿಗೆ ಮಾತ್ರ ತಿಳಿಸಬಹುದು. ಬ್ರಿಜ್ ಸ್ಪರ್ಧೆಯಲ್ಲಿ ನೋಡುಗನು ತಪ್ಪಿನ ಕಡೆಗೆ ಯಾರ ಗಮನವನ್ನೂ ಸೆಳೆಯಬಾರದು. ನಿರ್ದೇಶಕನು ಕೇಳಿದರೆ ಮಾತ್ರ ಬಾಯಿ ತೆರೆಯಬಹುದು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ‘ಅಯ್ಯೋ’ ಎಂಬ ಒಂದು ಉದ್ಗಾರವೂ, ಹುಬ್ಬೇರಿಸುವುದೂ ಮಾತೇ.

‘ಯಮಾಟೊ’ ನೌಕೆಯ ಮೇಲಿನ ಆಟ

ದಾಳ ಬಿದ್ದ ಮೇಲೆ ಹೊರಗಿನವರು ಕೈಹಾಕುವುದರ ಪ್ರಸಿದ್ಧ ನಿದರ್ಶನ 1942ರ ಮೇ ತಿಂಗಳಿನದು. ಮಿಡ್‌ವೇ ದ್ವೀಪದ ಮೇಲೆ ದಾಳಿಮಾಡಲು ಸಿದ್ಧವಾಗುತ್ತಿದ್ದ ಜಪಾನಿನ ನೌಕಾಪಡೆಯು ‘ಯಮಾಟೊ’ ಯುದ್ಧನೌಕೆಯಲ್ಲಿ ಆ ಯೋಜನೆಯನ್ನು ಸಮರಕ್ರೀಡೆಯಾಗಿ ಆಡಿ ನೋಡಿತು. ಫುಚಿದಾ ಮತ್ತು ಒಕುಮಿಯಾ ಎಂಬ ಅಧಿಕಾರಿಗಳು ಯುದ್ಧಾನಂತರ ಬರೆದಿರುವ ಪ್ರಕಾರ, ದ್ವೀಪದಿಂದ ಹಾರಿಬಂದ ಅಮೆರಿಕದ ವಿಮಾನಗಳ ದಾಳಿಗೆ ತೀರ್ಪುಗಾರರಾಗಿದ್ದ ಒಕುಮಿಯಾರವರು ದಾಳ ಹಾಕಿದರು. ಒಂಬತ್ತು ಬಾಂಬುಗಳು ಗುರಿ ಮುಟ್ಟಿದವೆಂದೂ ‘ಅಕಾಗಿ’, ‘ಕಾಗಾ’ ಎಂಬ ಎರಡು ವಿಮಾನವಾಹಕ ನೌಕೆಗಳು ಮುಳುಗಿದವೆಂದೂ ಫಲ ಬಂತು. ಕ್ರೀಡೆಯ ಅಧ್ಯಕ್ಷತೆ ವಹಿಸಿದ್ದ ಅಡ್ಮಿರಲ್ ಉಗಾಕಿಯವರು ಒಂಬತ್ತನ್ನು ಮೂರಕ್ಕೆ ಇಳಿಸಿದರು. ‘ಅಕಾಗಿ’ ಬದುಕಿತು. ಮುಳುಗಿದ್ದ ‘ಕಾಗಾ’ ಕೂಡ ಕ್ರೀಡೆಯ ಮುಂದಿನ ಘಟ್ಟದಲ್ಲಿ ಮತ್ತೆ ತೇಲಿತು!

1942ರ ಜೂನ್ 4ರಂದು ನಿಜವಾದ ಯುದ್ಧವಾಯಿತು. ಅದರಲ್ಲಿ ಜಪಾನ್ ಇವೆರಡನ್ನೂ ಸೇರಿಸಿ ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡಿತು. ದಾಳವೇ ಭವಿಷ್ಯ ನುಡಿಯಿತೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಜಪಾನಿನ ಈ ನೌಕೆಗಳನ್ನು ಕೆಡಹಿದವು ಅಮೆರಿಕದ ವಿಮಾನವಾಹಕಗಳಿಂದ ಬಂದ ವಿಮಾನಗಳು. ದ್ವೀಪದಿಂದ ಬಂದವುಗಳ ಒಂದು ಬಾಂಬೂ ಅವಕ್ಕೆ ತಗುಲಲಿಲ್ಲ. ಎಂದರೆ ಒಂಬತ್ತು ಹೆಚ್ಚಾಯಿತೆಂಬ ಉಗಾಕಿಯವರ ಸಂಶಯದಲ್ಲಿ ಹುರುಳಿತ್ತು. ಹಾಗಾದರೆ ದೋಷವೆಲ್ಲಿ? ಕೋಷ್ಟಕ ಸರಿಯಿಲ್ಲವೆಂದರೆ ಅದನ್ನು ದಾಳ ಹಾಕುವ ಮೊದಲೇ, ಎರಡು ಪಕ್ಷಗಳಿಗೂ ಒಂದೇ ಸಮನಾಗಿ ತಿದ್ದಬೇಕಾಗಿತ್ತು. ಫಲ ಕಂಡಮೇಲೆ, ಅಪ್ರಿಯವಾದ ಫಲವನ್ನು ಮಾತ್ರ ತಿದ್ದಿದ್ದರಿಂದ, ‘ನಮ್ಮ ನೌಕೆಗಳು ಮುಳುಗಿದರೆ ಮುಂದೇನು?’ ಎಂಬ ಪ್ರಶ್ನೆಯೇ ಮೇಜಿನಿಂದ ಮಾಯವಾಯಿತು.

ಆಟಕ್ಕೆ ಮುನ್ನ ಒಂದು ಒಪ್ಪಂದ

ಇಷ್ಟರಿಂದ ಹೊರಡುವ ತತ್ತ್ವ ಒಂದೇ: ತಿದ್ದುವ ಕ್ರಮವನ್ನು, ಅದು ಯಾರಿಗೆ ಲಾಭವೆಂದು ತಿಳಿಯುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬಿಲ್ಲೆಗಳನ್ನು ಜೋಡಿಸುವ ಮುನ್ನ ಇಬ್ಬರೂ ಈ ಕೆಳಗಿನ ಅಂಶಗಳನ್ನು ಒಪ್ಪಿಕೊಂಡರೆ ಸಾಕು.

1. ಬಳಸಬಹುದಾಗಿದ್ದ ಹಕ್ಕನ್ನು ಮರೆತರೆ ನಷ್ಟ ಮರೆತವನದು.

2. ಕಡ್ಡಾಯ ನಿಯಮವು ಮುಂದಿನ ದಾಳ ಬೀಳುವ ಮೊದಲೇ, ಮುಂದಿನ ಬಿಲ್ಲೆ ಕದಲುವ ಮೊದಲೇ ನೆನಪಾದರೆ, ಬಿದ್ದ ದಾಳಕ್ಕೆ ಅದನ್ನು ಅನ್ವಯಿಸತಕ್ಕದ್ದು, ಮರಳಿ ಎಸೆಯತಕ್ಕದ್ದಲ್ಲ.

3. ಅನಂತರ ನೆನಪಾದರೆ ನಡೆದದ್ದು ನಡೆದಂತೆಯೇ ನಿಲ್ಲತಕ್ಕದ್ದು. ಮರೆತ ನಿಯಮವನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಪ್ರಯೋಗದ ಪುಸ್ತಕದಲ್ಲಿ ತಪ್ಪು ಅಂಕಿಯನ್ನು ಅಳಿಸದೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯುವ ಪದ್ಧತಿಯಂತೆಯೇ ಇದು. ಮುಂದಿನ ಆಟದ ಮುನ್ನ ಆ ಕಾಗದವನ್ನು ಓದಿದರೆ ಅದೇ ಮರೆವು ಮರುಕಳಿಸದು.

4. ನಿಯಮದ ಅರ್ಥದಲ್ಲಿ ವಿವಾದ ಬಂದು ಐದು ನಿಮಿಷಗಳಲ್ಲಿ ಪುಸ್ತಕದಿಂದ ತೀರದಿದ್ದರೆ, ದಾಳ ಹಾಕಿ ಆ ಆಟದ ಮಟ್ಟಿಗೆ ತೀರ್ಮಾನಿಸಿಕೊಳ್ಳಬೇಕು. ಪೂರ್ಣ ವಿಚಾರಣೆ ಆಟ ಮುಗಿದ ಮೇಲೆ.

5. ನೋಡುಗನು ಇಬ್ಬರೂ ಕೂಡಿ ಕೇಳಿದಾಗ ಮಾತ್ರ, ನಿಯಮದ ವಿಷಯವನ್ನು ಮಾತ್ರ, ಇಬ್ಬರಿಗೂ ಕೇಳುವಂತೆ ಹೇಳತಕ್ಕದ್ದು.

ಹೊಸಬರಿಗೆ ಕಲಿಸುವ ಆಟಕ್ಕೆ ಐದನೆಯದನ್ನು ಸಡಿಲಿಸಬಹುದು. ಆಗಲೂ ಸಲಹೆ ಬಹಿರಂಗವಾಗಿರಲಿ; ‘ಅಲ್ಲಿಗೆ ನಡೆಸು’ ಎನ್ನುವುದಕ್ಕಿಂತ ‘ಅಲ್ಲಿಗೆ ನಡೆಸಿದರೆ ಎದುರಾಳಿ ಏನು ಮಾಡಬಹುದು?’ ಎಂದು ಕೇಳುವುದು ಲೇಸು. ಮೊದಲನೆಯದರಿಂದ ಒಂದು ನಡೆ ಮಾತ್ರ ದೊರೆಯುತ್ತದೆ. ಎರಡನೆಯದರಿಂದ ಯೋಚಿಸುವ ಅಭ್ಯಾಸ ಬೆಳೆಯುತ್ತದೆ.

ವಾಚಕರಿಗೆ ಒಂದು ಲೆಕ್ಕ

ಮೇಲಿನ ದಾಳದ ಉದಾಹರಣೆಯಲ್ಲಿ ಶತ್ರುವು ಬಯಲಿನಲ್ಲಿದ್ದು, ಕೆಂಪು ಪಕ್ಷಕ್ಕೆ ಸಮರ್ಥ ನಾಯಕನಿರುವುದರಿಂದ ಮೊತ್ತದಲ್ಲಿ 1 ಕಳೆಯಬೇಕಾಗಿತ್ತೆಂದು ಭಾವಿಸಿ. ಮರೆತು ಎಸೆದಾಗ ಗುರಿ ತಪ್ಪಿತು. ತಪ್ಪಿದಾಗ ಮಾತ್ರ ನಿಯಮವನ್ನು ನೆನಪಿಸಿಕೊಂಡು, 1 ಕಳೆಯುವ ಹಕ್ಕಿನೊಡನೆ ಮರಳಿ ಎಸೆಯಲು ಬಿಟ್ಟರೆ, ಒಟ್ಟಿನಲ್ಲಿ ಯಶಸ್ಸಿನ ಸಂಭಾವ್ಯತೆ ಎಷ್ಟು? ನಿಯಮವನ್ನು ಮೊದಲೇ ನೆನಪಿಟ್ಟಿದ್ದರೆ ಎಷ್ಟಾಗುತ್ತಿತ್ತು?

ಉತ್ತರ: ಮರಳಿ ಎಸೆದರೆ 981/1296, ಎಂದರೆ ಸುಮಾರು 76%. ಮೊದಲೇ ನೆನಪಿದ್ದಿದ್ದರೆ 21/36, ಎಂದರೆ ಸುಮಾರು 58% ಮಾತ್ರ. ಮರೆತವನಿಗೆ ನೆನಪಿಟ್ಟವನಿಗಿಂತ ಹೆಚ್ಚು ಲಾಭ ಕೊಡುವ ಪದ್ಧತಿ ನ್ಯಾಯವಾದೀತೇ ಎಂಬುದನ್ನು ವಾಚಕರೇ ನಿರ್ಣಯಿಸಲಿ.